ರಾಯರ ಪಟದ ಕೆಳಗೆ

ನನ್ನ ಅಪ್ಪನಿಗೆ, ನಿನ್ನ ವಾಣಿ ಬರೆಯುತ್ತಿರುವುದು.

ನೀನು ಹೋದ ದಿನ ನನ್ನ ಹೊಟ್ಟೆಯಲ್ಲಿ ಕೂಸಿದೆ ಎಂದು ನನಗೇ ಗೊತ್ತಿರಲಿಲ್ಲ. ಈಗ ಅದು ನನ್ನ ಪಕ್ಕದಲ್ಲಿ ಮಲಗಿದೆ. ಹೆಣ್ಣು ಕೂಸು. ನಿನ್ನ ಹಾಗೆಯೇ ಒಂದು ಕಿವಿ ಮುಂದಕ್ಕೆ ಬಾಗಿದೆ. ಮಧ್ಯಾಹ್ನದ ಹೊತ್ತು, ಕೋಟೆ ಗುಡ್ಡದ ಬಂಡೆ ಕಾದು ಬಿಸಿಗಾಳಿ ನಮ್ಮ ಓಣಿಗೇ ಇಳಿಯುತ್ತಿದೆ. ಕೂಸು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ನಾನು ಮಲಗಿದರೆ ಅದರ ಉಸಿರನ್ನು ಯಾರು ನೋಡಬೇಕು? ಅದಕ್ಕೇ ಬರೆಯುತ್ತಾ ಕೂತಿದ್ದೇನೆ. ನಿನ್ನ ಕಾರಿನ ಸುದ್ದಿ ಹೇಳುವುದಿದೆ.

ಆ ಕಾರು ಮನೆಗೆ ಬಂದ ದಿನ ನೆನಪಿದೆಯಾ? ಕಾಲೇಜಿನ ಆಫೀಸಿನಿಂದ ನಿವೃತ್ತನಾದವನು ತೀರ್ಥಯಾತ್ರೆಗೆ ಹೋಗುತ್ತಾನೆ ಎಂದು ಅಮ್ಮ ಕಾದಿದ್ದಳು. ನೀನು ಕೆಂಪು ಸ್ಪೋರ್ಟ್ಸ್ ಕಾರು ತಂದೆ. ಗಣಿಯ ದಿನಗಳಲ್ಲಿ ಯಾರೋ ಸಾಹುಕಾರರ ಮಗ ಆಸೆಪಟ್ಟು ಕೊಂಡಿದ್ದು, ಗಣಿ ನಿಂತ ಮೇಲೆ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದದ್ದು. ಎರಡೇ ಬಾಗಿಲು. ಹಿಂದೆ ಕೂರಬೇಕೆಂದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಎದುರು ಮನೆಯ ಗೌಸ್ ಸಾಬರು ಬಗ್ಗಿ ಒಳಗೆ ಇಣುಕಿ, "ರಾವ್ ಸಾಬ್, ಇದರಾಗ ಕುಂಡ್ರೋದೇನ್ರಿ, ಮಕ್ಕೊಳ್ಳೋದೇನ್ರಿ?" ಎಂದಿದ್ದರು. ರಸ್ತೆಯಲ್ಲಿ ಹಂಪು ಬಂದರೆ ಕಾರಿನ ಹೊಟ್ಟೆ ತಾಗುತ್ತದೆ ಎಂದು ಅಮ್ಮನನ್ನು ಇಳಿಸಿ, ದಾಟಿಸಿ, ಮತ್ತೆ ಹತ್ತಿಸುತ್ತಿದ್ದೆ. "ಇದು ನನ್ನ ಒಯ್ಯೋದಕಿಂತ ನಾನ ಇದನ್ನ ನಡಸ್ಕೊಂಡು ಹೋಗೋದು ಹೆಚ್ಚಾತು" ಎಂದು ಅವಳು ಗೊಣಗುತ್ತಿದ್ದಳು.

ಏಕಾದಶಿಗಳೂ ನೆನಪಾಗುತ್ತವೆ. ಅಮ್ಮ ನೀರೂ ಮುಟ್ಟದೆ ಕೂತಿರುವಾಗ ನಿನಗೆ ಕುರುಗೋಡಿನಲ್ಲಿ ಏನೋ ಕೆಲಸ ಹುಟ್ಟುತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಮೇಲೆ ಉಳ್ಳಾಗಡ್ಡಿ. "ಲೇ ವಾಣಿ, ಬಾಯಿ ಒರಸ್ಕೋ. ನಿಮ್ಮಮ್ಮನ ಮೂಗು ಪೊಲೀಸ್ ನಾಯಿದಿದ್ಧಂಗ ಅದ." ಅಮ್ಮನಿಗೆ ಎಲ್ಲ ಗೊತ್ತಿತ್ತು ಅಪ್ಪಾ. ಸಂಧ್ಯಾವಂದನೆ ಬಿಟ್ಟವನು, ಉಪವಾಸ ಮಾಡದವನು. ಆದರೂ ಅವಳಿಗೊಂದು ಸಮಾಧಾನವಿತ್ತು. ಕಾರಿನಿಂದ ಇಳಿಯುವಾಗ ನೀನು ತಪ್ಪದೆ ರಾಯರ ಪಟಕ್ಕೆ ಬಗ್ಗಿ ನಮಸ್ಕರಿಸುತ್ತಿದ್ದೆ. ಪಟವನ್ನು ಸ್ಟೇರಿಂಗಿನ ಪಕ್ಕ, ಮೊಣಕಾಲಿನ ಹತ್ತಿರ ಅಂಟಿಸಿದ್ದೆ. "ರಾಯರನ್ನ ಅಷ್ಟು ಕೆಳಗ ಯಾಕ ಹಚ್ಚೀರಿ?" ಎಂದು ಅವಳು ಕೇಳಿದರೆ, "ಮ್ಯಾಲಿದ್ರ ಯಾರು ಬಗ್ತಾರ? ಬಗ್ಗದಿದ್ರ ಈ ಗಾಡಿ ಬೆಳಿಗ್ಗಿ ಏಳಂಗಿಲ್ಲ" ಅನ್ನುತ್ತಿದ್ದೆ. ನಾವು ನಗುತ್ತಿದ್ದೆವು.

ನೀನು ಹೋದ ಮೇಲೆ ಕಾರು ನಿಜವಾಗಿಯೂ ಬೆಳಿಗ್ಗೆ ಏಳಲಿಲ್ಲ. ಬ್ಯಾಟರಿ ಬದಲಾಯಿಸಿದೆವು, ಮತ್ತೆ ಸತ್ತಿತು. ಎಲ್ಲೋ ಕರೆಂಟು ಸೋರುತ್ತಿದೆ ಎಂದ ಮೆಕ್ಯಾನಿಕ್ಕಿಗೆ ಎಲ್ಲಿ ಎಂದು ಸಿಗಲಿಲ್ಲ. ಅಮ್ಮ ಮಾತ್ರ, "ಅವ್ರಂಗ ನೀವ್ಯಾರೂ ನಮಸ್ಕಾರ ಮಾಡಂಗಿಲ್ಲಲ್ಲ" ಎಂದಳು. ಅಂದಿನಿಂದ ನಿನ್ನ ಅಳಿಯ ಶ್ರೀಧರ, ನಾನು ಇಬ್ಬರೂ ಇಳಿಯುವಾಗ ಪಟ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಕಾರು ಒಮ್ಮೆ ಏಳುತ್ತಿತ್ತು, ಒಮ್ಮೆ ಇಲ್ಲ. ಶ್ರೀಧರ ಮಾರೋಣ ಅಂದ. ನಾನು ಒಪ್ಪಲಿಲ್ಲ.

ಬಾಣಂತಿ ಕೋಣೆಯ ದಿನಗಳನ್ನು ನಿನಗೆ ಹೇಗೆ ಹೇಳಲಿ? ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ತುರುಕಿ, ಮಂಚದ ಕೆಳಗೆ ಲೋಬಾನದ ಹೊಗೆ. ಆಗಿನಿಂದ ನನಗೆ ಸುಟ್ಟ ವಾಸನೆ ಬರತೊಡಗಿತು. ಹೊಗೆ ಹಾಕದ ದಿನವೂ ಬರುತ್ತಿತ್ತು. ಎದ್ದು ಗ್ಯಾಸ್ ನೋಡುತ್ತಿದ್ದೆ, ಗೀಸರ್ ನೋಡುತ್ತಿದ್ದೆ, ಚಾರ್ಜರ್ ಕಿತ್ತು ಬಿಸಿಯಾಗಿದೆಯಾ ಎಂದು ಮುಟ್ಟುತ್ತಿದ್ದೆ. ಎಲ್ಲೂ ಏನೂ ಇರುತ್ತಿರಲಿಲ್ಲ. ಎಂ.ಎಸ್ಸಿ. ಓದಿದವಳು ನಾನು, ಕೂಸನ್ನು ಎತ್ತಿಕೊಂಡು ಗೋಡೆ ಗೋಡೆ ಮೂಸುತ್ತಿದ್ದೆ. ಶ್ರೀಧರ ಬೈಯಲಿಲ್ಲ. "ನಿನಗ ನಿದ್ದಿ ಇಲ್ಲ, ಅದಕ್ಕ" ಎನ್ನುತ್ತಿದ್ದ, ಅಷ್ಟೆ. ನಾನೂ ಅದನ್ನೇ ನಂಬಿದೆ. ನನ್ನ ಮೂಗನ್ನೇ ನಾನು ನಂಬದೆ ಬದುಕುವುದು ಎಂಥದು ಗೊತ್ತಾ ಅಪ್ಪಾ?

ಸಿರುಗುಪ್ಪದ ಸೋದರತ್ತೆ ಕಳೆದ ವಾರ ಫೋನು ಮಾಡಿ, "ಅಣ್ಣನ ಮೊಮ್ಮಗಳನ್ನ ತೋರಸದಂಗ ನನ್ನ ಸಾಯಿಸ್ತೀಯೇನು?" ಎಂದಳು. ನಿನ್ನ ಕಾರಿನಲ್ಲೇ ಹೊರಟೆವು. ಅಮ್ಮ ಬರಲಿಲ್ಲ. ನಾನು, ಕೂಸು ಹಿಂದಿನ ಸೀಟಿನಲ್ಲಿ. ಕುರುಗೋಡಿನಲ್ಲಿ ನಿನ್ನ ಹೆಸರಿನಲ್ಲಿ ಮಿರ್ಚಿ ತಿಂದೆವು. ಊರು ದಾಟಿ ಕಾಲುವೆಯ ಪಕ್ಕ ಹೋಗುವಾಗ ವಾಸನೆ ಬಂತು. ಇದೂ ಸುಳ್ಳಿರಬೇಕು ಅಂದುಕೊಂಡೆ. ತಡೆಯಲಾರದೆ "ರೀ, ಸುಟ್ಟ ವಾಸನಿ" ಎಂದಾಗ ಓಡಿಸುತ್ತಿದ್ದ ಶ್ರೀಧರ ಕನ್ನಡಿಯಲ್ಲಿ ನನ್ನನ್ನೇ ನೋಡಿದ, ಕಾರನ್ನಲ್ಲ. "ಮಿರ್ಚಿ ಎಣ್ಣಿ ಇರಬೇಕು ವಾಣಿ. ಕಣ್ಣ ಮುಚ್ಕೋ ಸ್ವಲ್ಪ." ಅಷ್ಟರಲ್ಲಿ, ಸುಡುವ ಬಿಸಿಲಿನಲ್ಲಿ, ವೈಪರ್ ತಾನಾಗಿಯೇ ಆಡತೊಡಗಿತು.

ಕಾರು ನಿಂತದ್ದು ಭತ್ತದ ಗದ್ದೆಗಳ ನಡುವೆ, ಕಿರಿದಾದ ರಸ್ತೆಯಲ್ಲಿ. ಅವನು ಬಾನೆಟ್ಟಿನ ಹಿಡಿ ಎಳೆದು ಇಳಿದ. ಹಿಂದೆ ಲಾರಿ ಬರುತ್ತಿತ್ತೆಂದು ಬಾಗಿಲು ದೂಡಿ ಮುಚ್ಚಿದ. ಟಕ್ ಎಂದು ಎರಡೂ ಬಾಗಿಲ ಲಾಕು ಬಿದ್ದವು. ಹಾರ್ನು ಕೂಗತೊಡಗಿತು, ನಿಲ್ಲಲೇ ಇಲ್ಲ. ಮುಂದಕ್ಕೆ ಬಾಗಿ ಬೀಗದಕೈ ತಿರುಗಿಸಿದೆ, ಆಫ್ ಆಯಿತು, ಆದರೂ ಕೂಗುತ್ತಲೇ ಇತ್ತು. ಲಾಕಿನ ಗುಂಡಿ ಎತ್ತಿದರೆ ಕೈಬಿಡುವ ಮೊದಲೇ ಟಕ್ ಎಂದು ಕೂರುತ್ತಿತ್ತು, ಯಾರೋ ಒಳಗಿನಿಂದ ಎಳೆದ ಹಾಗೆ. ಗಾಜು ಇಳಿಯಲಿಲ್ಲ. ಬ್ಯಾಟರಿ ಇದ್ದದ್ದು ಹಿಂದಿನ ಡಿಕ್ಕಿಯಲ್ಲಿ, ಡಿಕ್ಕಿಯ ಬೀಗದಕೈ ನನ್ನ ಹತ್ತಿರ, ನಾನು ಒಳಗೆ. ಸ್ಟೇರಿಂಗಿನ ಕೆಳಗಿನಿಂದ ಹೊಗೆ ಬಂತು. ಲೋಬಾನದ ಹಾಗೆ ಬಿಳಿಯಲ್ಲ, ಕಪ್ಪು. ಕೂಸು ಅಳುವುದನ್ನು ನಿಲ್ಲಿಸಿ ಕೆಮ್ಮಿತು. ಆ ಕೆಮ್ಮು...

ಮೆಣಸಿನಕಾಯಿ ಬಿಡಿಸಲು ಹೊರಟಿದ್ದ ಹೆಂಗಸರ ಟಂಟಂ ಆಟೋ ನಿಂತಿತು. ಶ್ರೀಧರ ಕಲ್ಲಿನಿಂದ ಗಾಜು ಹೊಡೆಯುತ್ತಿದ್ದ, ಕಲ್ಲು ಜಾರುತ್ತಿತ್ತು. "ಏ ತಮ್ಮಾ, ಸವರಾಕತ್ತಿಯೋ, ಹೊಡಿಯಾಕತ್ತಿಯೋ? ಇತ್ತಾಗ ಕೊಡು" ಎಂದು ಒಬ್ಬ ದಪ್ಪ ಹೆಂಗಸು ಕಲ್ಲು ಕಸಿದುಕೊಂಡಳು. "ಯವ್ವಾ, ಕೂಸೈತಲೇ ಒಳಗ!" ಎಂದಳು ಇನ್ನೊಬ್ಬಳು. ಅವರ ಬಾಯಿ ಕಾಣುತ್ತಿತ್ತು, ಹಾರ್ನಿನಲ್ಲಿ ಮಾತು ಅರ್ಧರ್ಧ ಕೇಳುತ್ತಿತ್ತು. ಒಂದು ಗಾಜಿನ ದೂರ, ಅಪ್ಪಾ. ನಾನು ಕೂಸಿನ ಮುಖಕ್ಕೆ ನನ್ನ ವೇಲು ಹೊದಿಸಿ ಎದೆಗೆ ಒತ್ತಿಕೊಂಡೆ.

ಆಗ ನಿನ್ನ ಕೈ ನೆನಪಾಯಿತು. ದೇವರು ನೆನಪಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ನಿನ್ನ ಕೈ. ನೀನು ಬಗ್ಗಿದಾಗ ಅದು ಪಟದ ಮೇಲೆ ಇರುತ್ತಿರಲಿಲ್ಲ, ಪಟದ ಕೆಳಗೆ ಹೋಗುತ್ತಿತ್ತು. ಕೈ ಮುಗಿಯುವವನ ಮಣಿಕಟ್ಟು ತಿರುಗುತ್ತದೆಯೇ? ನಿನ್ನದು ಪ್ರತಿ ಸಲ ತಿರುಗುತ್ತಿತ್ತು, ನಲ್ಲಿ ಬಂದ್ ಮಾಡುವವನ ಹಾಗೆ. ಹಿಂದೆ ಕೂತು ನಾನು ಎಷ್ಟು ಸಲ ನೋಡಿದ್ದೆ! ಎರಡು ಸೀಟಿನ ನಡುವೆ ಅರ್ಧ ಮೈ ತೂರಿಸಿ, ಹೊಗೆಯಲ್ಲಿ ಕಣ್ಣು ಮುಚ್ಚಿ, ರಾಯರ ಪಟ ತಡವಿ ಅದರ ಕೆಳಗೆ ಕೈ ಹಾಕಿದೆ. ಒಂದು ಗುಂಡನೆಯ ತಿರುಪು ಸಿಕ್ಕಿತು. ತಿರುಗಿಸಿದೆ.

ಹಾರ್ನು ನಿಂತಿತು. ವೈಪರ್ ನಡುದಾರಿಯಲ್ಲಿ ನಿಂತಿತು. ಲಾಕಿನ ಗುಂಡಿ ಎತ್ತಿದೆ, ಎತ್ತಿದಲ್ಲೇ ಉಳಿಯಿತು. ಬಾಗಿಲು ತೆರೆದ ಕೂಡಲೇ ಆ ದಪ್ಪ ಹೆಂಗಸು ಕಲ್ಲು ಬಿಸಾಕಿ ಕೂಸನ್ನು ಕಿತ್ತುಕೊಂಡಳು, ನಾನು ಮೊಣಕಾಲೂರಿ ಹೊರಗೆ ಬಿದ್ದೆ. ಕಾಲುವೆಯ ಗಾಳಿಗೆ ಕೂಸು ಜೋರಾಗಿ ಅತ್ತಿತು. ಅವಳು ನಿನ್ನ ಕಾರನ್ನು ಮೇಲಿನಿಂದ ಕೆಳಗೆ ನೋಡಿದಳು. "ಇದಕಿಂತ ನಮ್ಮ ಟಂಟಂ ಚಲೋ ಐತಿ ಬಿಡವ್ವಾ. ಬಾಗ್ಲಾನ ಇಲ್ಲ." ನಾನು ನಕ್ಕೆ. ನಗುತ್ತಲೇ ಅತ್ತೆ. ಶ್ರೀಧರ ನನ್ನ ಪಕ್ಕದಲ್ಲಿ ಮಣ್ಣಿನಲ್ಲೇ ಕೂತು, "ವಾಸನಿ ಬಂತು ಅಂದಿದ್ದಿ ನೀ" ಎಂದ. ಅಷ್ಟು ಸಾಕಾಗಿತ್ತು ನನಗೆ.

ಸಿರುಗುಪ್ಪದಲ್ಲಿ ವೈರಿಂಗಿನವನು ಕರಗಿದ ತಂತಿಗಳನ್ನು ಹೊರಗೆಳೆದು, "ಕಟಾಫ್ ಸ್ವಿಚ್ ರೀ ಇದು. ನಿಲ್ಲಿಸಿದಾಗೆಲ್ಲ ಬ್ಯಾಟರಿ ಬಂದ್ ಮಾಡಾಕ. ಕಳ್ಳರಿಗೆ ಕಾಣಬಾರ್ದಂತ ಇಲ್ಲಿ ಹಾಕ್ಯಾರ" ಎಂದ. ಕಡೆಯ ಸಲ ಇಳಿದಾಗ ನೀನು ಅದನ್ನು ಬಂದ್ ಮಾಡಿರಲಿಕ್ಕಿಲ್ಲ, ಅದಕ್ಕೇ ಬ್ಯಾಟರಿ ಸಾಯುತ್ತಿತ್ತು. ಕಳ್ಳರಿಗೆ ಸರಿ, ನಮಗೂ ಹೇಳಬಾರದಿತ್ತೇನು? ಹೇಳಿದ್ದೆ ಬಿಡು, ನಗುತ್ತಾ ಹೇಳಿದ್ದೆ. ಅಥವಾ ಅಮ್ಮನ ಆ ಸಮಾಧಾನವನ್ನು ಕಿತ್ತುಕೊಳ್ಳಲು ನಿನಗೆ ಮನಸ್ಸಾಗಲಿಲ್ಲವೋ?

ಅತ್ತೆಯ ಮನೆಯಿಂದ ಅಮ್ಮನಿಗೆ ಫೋನು ಮಾಡಿ, ಪಟದ ಹತ್ತಿರ ಕೈ ಹಾಕಿದೆ, ಎಲ್ಲ ನಿಂತಿತು, ಕೂಸು ಚೆನ್ನಾಗಿದೆ ಎಂದೆ. ಅವಳು, "ನಿಮ್ಮಪ್ಪ ಮಾಡಿದ ನಮಸ್ಕಾರ ಕಾಯ್ತು ನೋಡು" ಎಂದಳು. "ಹೌದಮ್ಮ" ಎಂದೆ. ಅದು ಸುಳ್ಳಾಗಿತ್ತೇ? ನೀನೇ ಹೇಳು.

ಕಾರು ಮಾರುತ್ತಿಲ್ಲ ಅಪ್ಪಾ. ತಂತಿ ಎಲ್ಲ ಹೊಸದು ಹಾಕಿಸಿದ್ದೇವೆ, ಆ ತಿರುಪೊಂದನ್ನು ಬಿಟ್ಟು. ಡ್ರೈವಿಂಗ್ ಕಲಿಯುತ್ತಿದ್ದೇನೆ. ಮುಂದಿನ ಏಕಾದಶಿ ಕಳೆದ ಮರುದಿನ ಅಮ್ಮನನ್ನೂ ಕೂಸನ್ನೂ ಹಿಂದೆ ಕೂರಿಸಿಕೊಂಡು ಕುರುಗೋಡಿಗೆ ನಾನೇ ಓಡಿಸುತ್ತೇನೆ, ಹಂಪು ಬಂದರೆ ಇಳಿಸುತ್ತೇನೆ. ಮಿರ್ಚಿ ಅಂಗಡಿಯ ಮುಂದೆ ನಿಲ್ಲಿಸಿ ಪಟದ ಕೆಳಗೆ ಕೈ ಹಾಕುವಾಗ ಅಮ್ಮ ಹಿಂದಿನಿಂದ ನೋಡುತ್ತಿರುತ್ತಾಳೆ. ಆ ತಿರುಪಿಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗುತ್ತೇನೆ.

ನಿನ್ನ,
ವಾಣಿ