ಕೊಟ್ಟಿಗೆಗೆ ಬಂದ ಮಂಜೂರಾತಿ

ಚಿಪ್ಪಗಿರಿ

ಆದೋನಿಯಲ್ಲಿರುವ ಅಪ್ಪನಿಗೆ ನಾಗಜ್ಯೋತಿಯ ನಮಸ್ಕಾರ.

ಉಣ್ಣೆ ಇಡುತ್ತಿದ್ದ ನಮ್ಮ ಹಳೆಯ ಕೊಟ್ಟಿಗೆಯನ್ನು ವೆಲ್ಡಿಂಗ್ ಶಾಪ್ ಮಾಡಲು ಸರ್ಕಾರದ ಸಹಾಯಧನ ಇವತ್ತು ಮಂಜೂರಾಯಿತು.

ಕಾಲು ಕಳೆದುಕೊಂಡ ಮೇಲೆ ಸುಂಕೇಶಣ್ಣ ಹೊರಗಿನವರ ಎದುರು ಬಂದೇ ಇರಲಿಲ್ಲವಲ್ಲ. ಹೋದ ವಾರ ಕೊಟ್ಟಿಗೆ ನೋಡಲು ಬಂದ ಅಧಿಕಾರಿ, "ಇಲ್ಲಿ ಕೆಲಸ ಮಾಡೋರು ಯಾರಮ್ಮ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಊರುಗೋಲು ಹಿಡಿದು ಬಾಗಿಲಿಗೆ ಬಂದ.

"ನಾನ ಮಾಡ್ತೀನ್ರಿ ಸರ. ಕಾಲು ಹೋಗೈತಿ, ಕೈ ಎರಡೂ ಚಲೋ ಅದಾವು," ಎಂದ.

ಅವ್ವ ಒಳಗೆ ಹೋಗಿ ಅತ್ತಳು. ನಾನು ಎಲ್ಲರಿಗೂ ಚಹಾ ಮಾಡಿದೆ.

ಅಣ್ಣನ ಕಣ್ಣಿಗೆ ಬೀಳಬಾರದೆಂದು ನೀವು ಅಲ್ಲಿಗೆ ಒಯ್ದಿಟ್ಟ ಅವನ ವೆಲ್ಡಿಂಗ್ ಸಾಮಾನುಗಳನ್ನು ಭಾನುವಾರ ಬರುವಾಗ ತನ್ನಿ. ಅವು ಎಲ್ಲಿವೆ ಎಂದು ಇವತ್ತು ಅವನೇ ಕೇಳಿದ.

ನಿಮ್ಮ ಮಗಳು,
ಜ್ಯೋತಿ