ಚಿಂದಿ ಕಟ್ಟಿದ ಟೊಮೆಟೊ

ಪ್ರೀತಿಯ ರಾಯ್ನಾ ಅಕ್ಕ,

ಈ ಕಾಗದವನ್ನು ನಿನ್ನ ಮಗಳು ಇಸ್ಕ್ರಾಳ ಕೈಗೆ ಕೊಡಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ಫೋನಿನಲ್ಲಿ ಮಾತಾಡೋಣವೆಂದರೆ ಇಸ್ಕ್ರಾ ಬಿಡುವುದಿಲ್ಲ. ನಾನು ಗೊಬ್ಬರದ ಮಾತೆತ್ತಿದರೆ ಸಾಕು, "ಚಿಕ್ಕಮ್ಮ, ಅಮ್ಮಂಗೆ ಬಿಪಿ ಏರತ್ತೆ, ಸಾಕು ಬಿಡಿ" ಎಂದು ಫೋನು ಕಿತ್ತುಕೊಳ್ಳುತ್ತಾಳೆ. ಹೋದ ಭಾನುವಾರ ನೀನೂ ಒಂದು ಮಾತು ಹೇಳಿದೆ. "ಪೆನ್ಕಾ, ನನ್ನ ಪಾತೀನೂ ನೀನೇ ಇಟ್ಕೋ. ನಾನಿನ್ನು ಬರಲ್ಲ." ಸೊಂಟ ಮುರಿದುಕೊಂಡು ಬಿದ್ದಾಗಲೂ "ಮೊದ್ಲು ಆ ಬಕೆಟ್ ಎತ್ತು, ಸಸಿ ಮೇಲೆ ಬಿದ್ದಿದೆ" ಎಂದು ನನ್ನನ್ನು ಬೈದವಳು ನೀನು. ಅಂಥವಳ ಬಾಯಲ್ಲಿ ಈ ಮಾತು ಬಂದದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಪಾತಿಯ ಸಮಾಚಾರ ಹೇಳುತ್ತೇನೆ, ಕೂತುಕೊಂಡು ಕೇಳು.

ನೀನು ಬುರ್ಗಾಸ್‌ಗೆ ಮಗಳ ಮನೆಗೆ ಹೋದ ಮೇಲೆ ನಿನ್ನ ಟೊಮೆಟೊ ಗಿಡಗಳು ಇದ್ದಕ್ಕಿದ್ದಂತೆ ಬೆಳೆಯತೊಡಗಿದವು. ಕಾಂಡ ಹೆಬ್ಬೆರಳಿಗಿಂತ ದಪ್ಪ, ಎಲೆ ಕಡುಹಸಿರು, ಎತ್ತರ ನನ್ನ ಗಂಡ ಸ್ಲಾವಿಯ ಗದ್ದಕ್ಕೆ. ಹೂವು ಮಾತ್ರ ಇಲ್ಲ, ಬಂದ ಒಂದೆರಡೂ ಉದುರಿಹೋದವು. ಇಂಥ ಗಿಡ ಏನು ತಿಂದು ಹೀಗಾಗುತ್ತದೆಂದು ನನಗೆ ಗೊತ್ತು. ಸ್ಲಾವಿಯನ್ನು ಕರೆದು ಕೇಳಿದೆ. ಮೊದಲು ಮೀಸೆ ತಿರುವಿದ. ಆಮೇಲೆ, "ಅತ್ತಿಗೆ ಬರೋ ಹೊತ್ಗೆ ಗಿಡ ಎದ್ದು ನಿಂತಿರ್ಲಿ ಅಂತ ನಮ್ಮ ನೈಟ್ರೇಟ್ ಗೊಬ್ಬರದ ಮೂಟೆಯಿಂದ ಒಂದೊಂದು ಹಿಡಿ ಹಾಕ್ದೆ ಕಣೇ" ಎಂದ.

"ಒಂದೊಂದು ಹಿಡಿ ಅಂದ್ರೆ? ಯಾರ ಹಿಡಿ? ನಿನ್ನ ಕೈ ನೋಡ್ಕೊಂಡಿದ್ದೀಯಾ, ಸಲಿಕೆ ಇದ್ದಂಗಿದೆ! ಅತ್ತಿಗೆಗೆ ಹಣ್ಣು ಬೆಳೀತಿದ್ದೀಯೋ, ಮೇಕೆಗೆ ಮೇವೋ?"

ಬೈಯಬೇಡ ಅಕ್ಕ, ನಾನೇ ಸಾಕಷ್ಟು ಬೈದಿದ್ದೇನೆ. ಅವನ ಮನಸ್ಸಿನಲ್ಲಿದ್ದದ್ದು ನೀನು ಗೇಟು ತೆಗೆದಾಗ ಖುಷಿಪಡಬೇಕು ಎನ್ನುವುದಷ್ಟೇ.

ನಾನು ಅಂಗಡಿ ಗೊಬ್ಬರದ ಮೂಟೆಯವಳು, ನೀನು ಸೊಪ್ಪು ಕೊಳೆಸುವ ಪೀಪಾಯಿಯವಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಹಿತ್ತಲಿನ ಇಟ್ಟಿಗೆ ಸಾಲಿನ ಆಚೆ ಈಚೆ ನಿಂತು ನಾವು ಇದೇ ಜಗಳ ಆಡಿದ್ದೇವೆ. ನಿನ್ನ ತುರಚೆ ಸೊಪ್ಪಿನ ಕೊಳೆನೀರಿನ ನಾತಕ್ಕೆ ನಾನು ಅಡುಗೆಮನೆ ಕಿಟಕಿ ಮುಚ್ಚುತ್ತಿದ್ದೆ. ಈ ಸಲವೂ ಮೊದಲು ಹೋದದ್ದು ಅಂಗಡಿಗೇ. ಅಲ್ಲಿನ ಹುಡುಗಿ ಮೂರು ಪೊಟ್ಟಣ ತಂದಿಟ್ಟಳು. ಒಂದು ಗಿಡ ಬೆಳೆಯಲು, ಒಂದು ಹೂವಿಗೆ, ಒಂದು ಹಣ್ಣಿಗೆ. ಹಣ್ಣಿನ ಪೊಟ್ಟಣದಲ್ಲಿ ಪೊಟ್ಯಾಷ್ ಜಾಸ್ತಿ. ನನ್ನ ಪಾತಿಯಾಗಿದ್ದರೆ ಕಣ್ಣು ಮುಚ್ಚಿ ತರುತ್ತಿದ್ದೆ. ಆದರೆ ಪಾತಿ ನಿನ್ನದು. ಅಂಗಡಿ ಗೊಬ್ಬರದ ಹಣ್ಣನ್ನು ನೀನು ಬೀಜಕ್ಕೆ ಬಿಡುವವಳಲ್ಲ. ಪೊಟ್ಟಣ ಅಲ್ಲೇ ಇಟ್ಟು ಬಂದೆ. ಆ ಹುಡುಗಿ ನನ್ನ ಮುಖವನ್ನೇ ನೋಡಿದಳು.

ತುರಚೆ ನೀರನ್ನೂ ಹಾಕಲಿಲ್ಲ. ಅದೂ ಎಲೆಯನ್ನೇ ಬೆಳೆಸುತ್ತದೆ, ಮೊದಲೇ ಕಾಡಾಗಿದೆ. ಉಳಿದದ್ದು ಬೂದಿ, ಅದರಲ್ಲೂ ಪೊಟ್ಯಾಷ್ ಇದೆ. ನಮ್ಮ ಒಲೆಯ ಬೂದಿ ಕೆಲಸಕ್ಕೆ ಬಾರದು. ಚಳಿ ಬಿತ್ತೆಂದರೆ ಸ್ಲಾವಿ ಕಲ್ಲಿದ್ದಲು ತುಂಬುತ್ತಾನೆ. ನೀನು ಕಲ್ಲಿದ್ದಲು ಹಾಕುವ ಮೊದಲೇ ಬರೀ ಓಕ್ ಸೌದೆಯ ಬೂದಿಯನ್ನು ಬೇರೆ ತೆಗೆದಿಡುವುದು ನೆನಪಾಯಿತು. ಮೆಟ್ಟಿಲ ಕೆಳಗೆ ಹಳೆಯ ಚೀಸ್ ಡಬ್ಬಿಯಲ್ಲಿ ಸಿಕ್ಕಿತು. ನಿನ್ನನ್ನು ಕೇಳದೆ ಮುಚ್ಚಳ ತೆಗೆದೆ. ಮೊದಲು ಪಾತಿಗೆ ಚೆನ್ನಾಗಿ ನೀರು ಬಿಟ್ಟು ನೈಟ್ರೇಟನ್ನು ಆದಷ್ಟು ಕೆಳಕ್ಕಿಳಿಸಿ, ಎಲೆಯ ಕಂಕುಳಲ್ಲಿ ಬಂದ ಚಿಗುರನ್ನೆಲ್ಲ ಚಿವುಟಿ, ಆಮೇಲೆ ಬುಡದ ಸುತ್ತ ಬೂದಿ ಉದುರಿಸಿ ಮಣ್ಣಿಗೆ ಕೆದಕಿದೆ. ನೀನು ಮಾಡುವುದನ್ನು ಕಿಟಕಿಯಿಂದ ಎಷ್ಟು ಸಲ ನೋಡಿಲ್ಲ!

ತಡವಾಗಿಯಾದರೂ ಹೂವು ಬಂತು. ಎಲ್ಲ ಗಿಡದಲ್ಲೂ ಕಾಯಿ ಕಚ್ಚಲಿಲ್ಲ, ಸುಳ್ಳು ಹೇಳುವುದಿಲ್ಲ. ಕಚ್ಚಿದವುಗಳಲ್ಲೂ ಕೆಲವಕ್ಕೆ ತಳ ಕಪ್ಪಾಯಿತು, ಸೊಟ್ಟಮುಖದ ಕಾಯಿಗಳೂ ಇವೆ. ಆದರೆ ಬಾವಿಯ ಪಕ್ಕದ ಗಿಡದಲ್ಲಿ ಒಂದು ಇದೆ. ಸ್ಲಾವಿಯ ಮುಷ್ಟಿಯಷ್ಟು ದೊಡ್ಡದು, ತೊಟ್ಟಿನ ಸುತ್ತ ನೆರಿಗೆ, ಈಗಷ್ಟೇ ಗುಲಾಬಿ ಬಣ್ಣಕ್ಕೆ ತಿರುಗುತ್ತಿದೆ. ನಿನ್ನ ತವರಿನ ಟೊಮೆಟೊ ಹೇಗಿರಬೇಕೋ ಹಾಗೇ. ನಿನ್ನ ಹಳೆಯ ಏಪ್ರನ್ನಿನ ಅಂಚು ಹರಿದು ಅದರ ತೊಟ್ಟಿಗೆ ಚಿಂದಿ ಕಟ್ಟಿದ್ದೇನೆ. ಬೀಜಕ್ಕೆ ಬಿಟ್ಟದ್ದೆಂದು ಈಗ ದಾರಿಹೋಕರಿಗೂ ತಿಳಿಯುತ್ತದೆ. ಆದರೂ ನಿನ್ನೆ ಸಂಜೆ ನಿನ್ನ ಮೈದುನ ರಾಕಿಯಾ ಸಾರಾಯಿಯ ಲೋಟ ಹಿಡಿದು ಅದರ ಎದುರು ನಿಂತಿದ್ದ. "ಇದೊಂದನ್ನ ಹೆಚ್ಚಿ ಉಪ್ಪು ಹಾಕಿದ್ರೆ..." ಎಂದ. "ಮುಟ್ಟಿ ನೋಡು, ನಿನ್ನ ಕೈಗೂ ಚಿಂದಿ ಕಟ್ಟೋ ಹಾಗೆ ಮಾಡ್ತೀನಿ" ಎಂದೆ.

ಇನ್ನು ಮುಖ್ಯವಾದ ಮಾತು. ಬೀಜದ ಡಬ್ಬಿ ಹುಡುಕಿದೆ ಅಕ್ಕ, ಖಾಲಿ. ಇದ್ದದ್ದನ್ನೆಲ್ಲ ಈ ವಸಂತದಲ್ಲೇ ಬಿತ್ತಿಬಿಟ್ಟಿದ್ದೀಯ. ನಿನ್ನ ಅಮ್ಮ ಕರವಸ್ತ್ರದಲ್ಲಿ ಕಟ್ಟಿ ಕಳಿಸಿದ ಆ ತಳಿಯಲ್ಲಿ ಬೀಜಕ್ಕಾಗುವ ಹಣ್ಣು ಈಗ ಇದೊಂದೇ. ನಾನು ವರ್ಷವರ್ಷವೂ ಸಂತೆಯಿಂದ ಸಸಿ ಕೊಂಡವಳು. ಬೀಜ ಹಿಂಡುವುದು, ಹುಳಿ ಬರಿಸುವುದು, ತೊಳೆಯುವುದು ನನಗೆ ಬರುವುದಿಲ್ಲ. ಕಲಿಯಬಹುದು, ಆದರೆ ಕಲಿಯುವುದಿಲ್ಲ. ನಾನು ಕಲಿತರೆ ನೀನು ಬರುವುದಿಲ್ಲ.

ಕೋಲು ಹಿಡಿದು ನಡೆಯಬಹುದೆಂದು ಡಾಕ್ಟರು ಹೇಳಿದ್ದನ್ನು ಇಸ್ಕ್ರಾಳೇ ಬಾಯ್ತಪ್ಪಿ ಹೇಳಿದಳು. ಮೆಟ್ಟಿಲಿಗೆ ಸ್ಲಾವಿ, ಹಿಡಿದು ಹತ್ತಲು ಪೈಪು ಹಾಕಿದ್ದಾನೆ, ನೈಟ್ರೇಟಿನ ತಪ್ಪಿಗೆ ದಂಡ. ಆಗಸ್ಟಿನ ಮೇರಿಯಮ್ಮನ ಹಬ್ಬದ ಹೊತ್ತಿಗೆ ಹಣ್ಣು ಪೂರ್ತಿ ಮೆತ್ತಗಾಗುತ್ತದೆ. ಆಮೇಲೂ ನಾನು ಕೀಳುವುದಿಲ್ಲ. ಕೊಳೆತು ಬಿದ್ದರೆ ಬೀಳಲಿ. ನೀನಿಲ್ಲದೆ ಈ ಹಿತ್ತಲು ನನಗೆ ಬೇಕಾಗಿಲ್ಲ, ಜಗಳಕ್ಕೆ ಇಟ್ಟಿಗೆ ಸಾಲಿನ ಆಚೆ ಒಂದು ಜೀವ ಬೇಕು.

ತುರಚೆ ಪೀಪಾಯಿಯನ್ನು ಚೆಲ್ಲಿಲ್ಲ, ದಿನವೂ ಕೋಲಿನಿಂದ ಕಲಕುತ್ತಿದ್ದೇನೆ. ಈಗ ಕಿಟಕಿ ಮುಚ್ಚುವುದಿಲ್ಲ.

ನಿನ್ನ ಸೊಂಟ ಗಟ್ಟಿಯಾಗಲಿ, ಬಾಯಿ ಮೊದಲಿನಷ್ಟೇ ಜೋರಾಗಿರಲಿ, ದೇವರು ನಿನ್ನನ್ನು ಬಸ್ಸು ಹತ್ತಿಸಲಿ.

ಇಟ್ಟಿಗೆ ಸಾಲಿನ ಈಚೆಯಿಂದ,
ನಿನ್ನ ವಾರಗಿತ್ತಿ ಪೆನ್ಕಾ