ಸೇತುವೆ ಹತ್ತಿರ, ಸಂಜೆ ಆರಕ್ಕೆ

ಅಕ್ಕಾ,

ನೀನು ನದಿ ಮಟ್ಟ ಬರ್ಕೊಂಡು ಬರೋವರೆಗೆ ಕಾದ್ರೆ ಬಸ್ಸು ತಪ್ಪುತ್ತೆ. ಈ ಬೆಟ್ಟಕ್ಕೆ ಬರೋದೇ ದಿನಕ್ಕೊಂದು. ಹೊರಟೆ.

ಸ್ವೆಟರಿನ ಮೊಣಕೈ ಹೊಲಿದಿದ್ದೀನಿ. ಹೊಸದು ತಗೋ ಅಂದ್ರೆ "ಈ ಕಾಡಲ್ಲಿ ಯಾರು ನೋಡ್ತಾರೆ" ಅಂತೀಯ. ನಾಲ್ಕು ದಿನ ನಾನು ನೋಡಿದೆನಲ್ಲ.

ಊಟ ಮುಚ್ಚಿಟ್ಟಿದ್ದೀನಿ, ಕೂತ್ಕೊಂಡು ತಿನ್ನು.

ನಿನ್ನೆ ಮಧ್ಯಾಹ್ನ ಅಳತೆ ಕಂಬದ ಹತ್ತಿರ ನಾನು ನಿನ್ನ ಹಿಂದೆಯೇ ನಿಂತಿದ್ದೆ, ನಿನಗೆ ಗೊತ್ತಾಗಲಿಲ್ಲ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ತಿಳಿ ನೀರಲ್ಲಿ ಕಾಣೋ ನಿನ್ನ ಮುಖಾನೇ "ಊಟ ಆಯ್ತಾ?" ಅಂತ ಕೇಳಿ, "ಆಯ್ತು" ಅಂತ ನೀನೇ ಹೇಳಿದೆ. ಊಟದ ಡಬ್ಬಿ ತೆಗೆದೇ ಇರಲಿಲ್ಲ.

ನಾಳೆಯಿಂದ ಸಂಜೆ ಆರಕ್ಕೆ ಸೇತುವೆ ಹತ್ತಿರ ಬಾ, ಅಲ್ಲಿ ಸಿಗ್ನಲ್ ಸಿಗುತ್ತೆ, ಫೋನ್ ಮಾಡ್ತೀನಿ. ಕೇಳೋದು ಇನ್ಮೇಲೆ ನನ್ನ ಕೆಲಸ. ನೀನು ನಿಜ ಹೇಳಿದ್ರೆ ಸಾಕು.

ತಂಗಿ